ವಾಡೆಯ ನೀಲಿ ಗೋಡೆ

ಕಮಲಾಪುರದ ಆ ಪಾಳುವಾಡೆ ತನ್ನದೇ ಎಂಬಂತೆ ಅಂಬಿಕಾ ನಡೆದುಕೊಳ್ಳುತ್ತಿದ್ದಳು. ಆ ಹಳೆಯ ದೊಡ್ಡ ಮನೆಯ ವಾರಸುದಾರರು ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಊರವರಿಗೆ ಅದು ಹಾವು ಚೇಳಿನ ಜಾಗ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಅವಳದೊಂದು ಫೋಟೋ ಸ್ಟುಡಿಯೋ ಇತ್ತು. ವಾರವೆಲ್ಲ ಮದುಮಕ್ಕಳ ಮುಖಕ್ಕೆ ಬೆಳಕು ಹಿಡಿದು ಬೇಸತ್ತವಳು ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದಳು. ವಾಡೆಯ ಮೇಲಿನ ಕೋಣೆಯಲ್ಲಿ ನೀಲಿ ಸುಣ್ಣ ಸಿಪ್ಪೆ ಎದ್ದು, ಅದರಡಿಯ ಗುಲಾಬಿ, ಗುಲಾಬಿಯಡಿಯ ಹಸಿರು ಇಣುಕುತ್ತಿದ್ದವು. ಮುರಿದ ಮಾಳಿಗೆಯಿಂದ ಅರಳಿಗಿಡದ ಬೇರು ಆ ಬಣ್ಣಗಳ ನಡುವೆ ಇಳಿದಿತ್ತು. ಎಷ್ಟು ಸಲ ಫೋಟೋ ತೆಗೆದರೂ ಅವಳಿಗೆ ಸಾಕೆನಿಸಿರಲಿಲ್ಲ.

ಮದಿಹಾಳನ್ನು ಕರೆದೊಯ್ದದ್ದು ಬರೀ ಜೊತೆಗೆ. ಕಾಲೇಜಿನ ಗೆಳತಿ, ಈಗ ಆಸ್ಪತ್ರೆಯೊಂದರಲ್ಲಿ ನರ್ಸ್. ಪಾಳಿ ಮುಗಿಸಿ ಬಂದಿದ್ದವಳು ಮೆಟ್ಟಿಲು ಹತ್ತುವಷ್ಟರಲ್ಲಿ ಸುಸ್ತಾಗಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕೂತಲ್ಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು.

ಕಲಬುರಗಿಯ ಛಾಯಾಚಿತ್ರ ಪ್ರದರ್ಶನಕ್ಕೆ ತನ್ನವನ್ನು ಕಳಿಸುವಾಗ ಅಂಬಿಕಾ, ಗೆಳತಿಗೂ ಖುಷಿಯಾಗಲಿ ಎಂದು ಅದನ್ನೂ ಸೇರಿಸಿದಳು. ಅಂಬಿಕಾಳವು ಮೂಲೆ ಸೇರಿದವು. ಮದಿಹಾಳದು ಬಾಗಿಲಿನ ಎದುರಿಗೇ ಬಂತು. ನೆಲದ ಮಟ್ಟದಿಂದ ತೆಗೆದದ್ದಕ್ಕೆ ಫರ್ಸಿಕಲ್ಲಿನ ನೆಲದ ಮೇಲೆ ನಿಂತ ಮಳೆನೀರಿನಲ್ಲಿ ಬೇರಿನ ಬಿಂಬ ಮೂಡಿ, ಗೋಡೆಗೆ ತಳವೇ ಇಲ್ಲವೇನೋ ಅನ್ನಿಸುತ್ತಿತ್ತು. ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಜಾಗ ತೋರಿಸಿದವಳು ಅಂಬಿಕಾ ಎಂದು ಮದಿಹಾ ಎಲ್ಲರಿಗೂ ಹೇಳುತ್ತಿದ್ದದ್ದಕ್ಕೆ ಇವಳಿಗೆ ಇನ್ನಷ್ಟು ಉರಿಯಿತು. ಫೋಟೋ ಕೆಟ್ಟದಾಗಿದ್ದರೆ ಸಹಿಸಬಹುದಿತ್ತು.

ಮರುದಿನ ಸ್ಟುಡಿಯೋ ತೆರೆಯದೆ ಒಬ್ಬಳೇ ಕಮಲಾಪುರಕ್ಕೆ ಹೋದಳು. ಅದೇ ಹೊಸ್ತಿಲ ಮೇಲೆ ಕೂತಳು. ಕೂತೊಡನೆ ಎಲ್ಲ ಕಂಡಿತು. ಇಷ್ಟು ವರ್ಷ ತಾನು ನಿಂತೇ ನೋಡಿದ್ದಳು. ಈಗ ಏನು ತೆಗೆದರೂ ಅದು ಮದಿಹಾಳ ನಕಲು. ಎದ್ದು ಹೋಗಿ ಒಂದು ಸಿಪ್ಪೆ ಕಿತ್ತಳು. ಸಲೀಸಾಗಿ ಬಂತು. ಇನ್ನೊಂದು ಕಿತ್ತಳು. ಆಮೇಲೆ ಕೈ ನಿಲ್ಲಲಿಲ್ಲ. ನೀಲಿ, ಗುಲಾಬಿ, ಹಸಿರು ಎಲ್ಲ ಉದುರಿ ಬರೀ ಮಣ್ಣು ಉಳಿದಾಗ ಉಗುರಿನ ಬುಡದಲ್ಲಿ ರಕ್ತ ಬಂದಿತ್ತು. ತಾನು ಮಾಡಿದ್ದನ್ನು ನೋಡಿ ಅವಳಿಗೆ ಅಳು ಬಂತು.

ವಾಡೆಗೆ ಮತ್ತೆ ಹೋಗೋಣ ಎಂದು ಮದಿಹಾ ಹಟ ಹಿಡಿದಳು. ಅಂಬಿಕಾ ಹೇಳಿದ ನೆಪಗಳು ಒಂದೂ ನಡೆಯಲಿಲ್ಲ. ಕೋಣೆಯ ಬಾಗಿಲಲ್ಲಿ ಮದಿಹಾ ನಿಂತೇಬಿಟ್ಟಳು. ಯಾರು ಹೀಗೆ ಮಾಡಿದರು ಎಂದು ತನ್ನಷ್ಟಕ್ಕೆ ಕೇಳಿಕೊಂಡಳು.

“ನಾನೇ ಮಾಡೀನಿ,” ಅಂದಳು ಅಂಬಿಕಾ. “ನಿನ್ನ ಫೋಟೋ ನೋಡಿ ತಡಕೊಳ್ಳಾಕ ಆಗಲಿಲ್ಲ.”

ಮದಿಹಾ ಅವಳ ಮುಖವನ್ನೇ ನೋಡಿದಳು. ಬೈಗುಳಕ್ಕೆ ಅಂಬಿಕಾ ಸಿದ್ಧಳಾಗಿ ನಿಂತಿದ್ದಳು. ಮದಿಹಾ ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ ಉಗುರಿನ ಗೀರುಗಳ ಮೇಲೆ ಬೆರಳಾಡಿಸಿದಳು.

“ಇದರ ಮ್ಯಾಲ ನಿನಗ ಇಷ್ಟು ಜೀವ ಅಂತ ನನಗ ಗೊತ್ತಿರಲಿಲ್ಲ ನೋಡು,” ಅಂದಳು.

ಆಮೇಲೆ ಕುಕ್ಕರಗಾಲಲ್ಲಿ ಕೂತು ಮೊಬೈಲ್ ತೆಗೆದಳು. ಮಾಳಿಗೆಯ ತೂತಿನಿಂದ ಬಿಸಿಲು ಓರೆಯಾಗಿ ಬಿದ್ದು ಗೀರುಗಳೊಳಗೆ ನೆರಳು ತುಂಬಿತ್ತು; ಕೆಳಗೆ ಉದುರಿದ ನೀಲಿ ಸಿಪ್ಪೆಗಳು ರಾಶಿಬಿದ್ದಿದ್ದವು. ತೆಗೆದದ್ದನ್ನು ಅಂಬಿಕಾಳ ಕೈಗಿಟ್ಟಳು.

ಮೊದಲಿನದಕ್ಕಿಂತ ಇದೇ ಚೆಂದ ಬಂದಿತ್ತು. ಅಂಬಿಕಾಳಿಗೆ ನೋಡಿದ ಕೂಡಲೇ ತಿಳಿಯಿತು, ಕೂಡಲೇ ಹೊಟ್ಟೆಯೊಳಗೆ ಅದೇ ಕಿಚ್ಚು ಎದ್ದಿತು. ಇನ್ನೂ ಹೋಗಿರಲಿಲ್ಲ ಅದು.

“ಛಲೋ ಬಂದದ,” ಅಂದಳು. ಅಷ್ಟು ಹೇಳಲು ಅವಳಿಗೆ ಗೋಡೆ ಕೆರೆದದ್ದಕ್ಕಿಂತ ಹೆಚ್ಚು ಬಲ ಬೇಕಾಯಿತು.