ಮೋಡಪ್ಪನ ಸ್ಪರ್ಶಕಾಲ

ಅವನು ದುರ್ಬೀನು ಹೊತ್ತು ತಾರಸಿಗೆ ಬಂದನೆಂದರೆ ಅಕ್ಕಪಕ್ಕದ ಹೆಂಗಸರು ಒಣಹಾಕಿದ ಬಟ್ಟೆಯನ್ನು ಒಳಗೆ ತೆಗೆದುಕೊಳ್ಳುತ್ತಿದ್ದರು. ಇನ್ನೇನು ಮೋಡ ಬರುತ್ತದೆ ಎಂದು. ಹಾಗೆ ಬಂದ ಹೆಸರು ಮೋಡಪ್ಪ. ತಮಾಷೆಗೆ ಇಟ್ಟದ್ದು ಮೂವತ್ತೊಂದು ವರ್ಷ ಅಂಟಿಕೊಂಡಿತು. ಕೊನೆಕೊನೆಗೆ ಆಸ್ಪತ್ರೆಯ ನರ್ಸ್ ಕೂಡ ಹಾಗೇ ಕರೆಯುವಂತಾಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ. ಹತ್ತೊಂಬತ್ತು ಗ್ರಹಣಗಳಿಗೆ ಅವನು ಕಾದು ನಿಂತಿದ್ದ. ಅದರಲ್ಲಿ ಹನ್ನೊಂದನ್ನು ಮೋಡ ನುಂಗಿ ನೀರು ಕುಡಿದಿತ್ತು.

ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದ. ದುರ್ಬೀನಿನ ಕನ್ನಡಿಯನ್ನೂ ಹಾಗೇ ಸಂಜೆ ಸಂಜೆ ಕೂತು, ಒಂದೂವರೆ ವರ್ಷ ಉಜ್ಜಿ ತಾನೇ ಮಾಡಿದ್ದ. ಅವನಿಗಿಂತ ಆರು ವರ್ಷ ದೊಡ್ಡವಳಾದ ಅಕ್ಕನಿಗೆ ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ. ಊರಿಗೆಲ್ಲ ಅವಳು ಗಂಟೆಯಕ್ಕ. ದಿನಾ ಬೆಳಗ್ಗೆ ರೇಡಿಯೋದ ಕೊನೆಯ 'ಪೀಂ' ಸದ್ದಿಗೆ ಕೈಗಡಿಯಾರ ಹೊಂದಿಸಿಕೊಂಡೇ ಅವಳು ಚಪ್ಪಲಿ ಮೆಟ್ಟುವುದು. ಹೆಡ್‌ಮಾಸ್ಟರರ ಗಡಿಯಾರಕ್ಕೂ ಅವಳದಕ್ಕೂ ವ್ಯತ್ಯಾಸ ಬಂದರೆ ಹೆಡ್‌ಮಾಸ್ಟರರೇ ತಮ್ಮದನ್ನು ತಿರುಗಿಸಿಕೊಳ್ಳುತ್ತಿದ್ದರು. ಬಾಯಿ ಮಾತ್ರ ಜೋರು. ಅವಳ ಜೊತೆ ವಾದಕ್ಕಿಳಿದು ಗೆದ್ದವರನ್ನು ನಾನಂತೂ ಕಂಡಿಲ್ಲ.

ಇಬ್ಬರಿಗೂ ಮದುವೆ ಕೂಡಿಬರಲಿಲ್ಲ. ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಎರಡು ಕೋಣೆ, ಅದರ ಮೇಲೆ ತಾರಸಿ. ಅಷ್ಟರಲ್ಲೇ ಜಗಳವಾಡಿಕೊಂಡು ಸುಖವಾಗಿದ್ದರು.

ಗ್ರಹಣ ನೋಡುವುದಕ್ಕೆ ಅವರದ್ದೊಂದು ಕ್ರಮವಿತ್ತು. ಚಂದ್ರನ ಅಂಚು ಸೂರ್ಯನನ್ನು ಮುಟ್ಟುವ ಕ್ಷಣಕ್ಕೆ ಸ್ಪರ್ಶಕಾಲ ಎನ್ನುತ್ತಾರೆ. ಆ ಕ್ಷಣವನ್ನು ಸೆಕೆಂಡಿನ ಲೆಕ್ಕದಲ್ಲಿ ಹಿಡಿಯಬೇಕೆಂಬುದು ತಮ್ಮನ ಹುಚ್ಚು. ದುರ್ಬೀನಿಗೆ ಕಪ್ಪು ಗಾಜು ತೊಡಿಸಿ ಅವನು ಕಣ್ಣಿಟ್ಟು ನಿಲ್ಲುತ್ತಿದ್ದ. ಪಕ್ಕದಲ್ಲಿ ಸ್ಟೂಲಿನ ಮೇಲೆ ಅವಳು, ತೊಡೆಯ ಮೇಲೆ ನೋಟುಪುಸ್ತಕ, ಕಣ್ಣು ಗಡಿಯಾರದ ಮುಳ್ಳಿನ ಮೇಲೆ. ಅಂಚು ಮುಟ್ಟಿದ್ದು ಕಂಡೊಡನೆ ಅವನು "ಹೂಂ" ಅನ್ನಬೇಕು, ಅವಳು ಸೆಕೆಂಡು ಬರೆಯಬೇಕು. ಮೋಡ ಮುಚ್ಚಿ ಹೊತ್ತು ಮೀರಿಹೋದರೆ "ಉಹೂಂ". ಪುಸ್ತಕದಲ್ಲಿ ಬರೆಯುತ್ತಿದ್ದುದೂ ಅದನ್ನೇ, ಹೂಂ ಅಥವಾ ಉಹೂಂ. ಪಕ್ಕದಲ್ಲಿ 'ನೋಡಿದವರು' ಎಂಬಲ್ಲಿ ಅವನ ಸಹಿ, 'ಬರೆದವರು' ಎಂಬಲ್ಲಿ ಅವಳದು. ಲೆಕ್ಕ ಹಾಕಿದ ನಿಖರ ಸಮಯ ಅವರ ಊರಿನ ಆಕಾಶವೀಕ್ಷಕರ ಸಂಘದ ಕಾರ್ಯದರ್ಶಿಯ ಬಳಿ ಇರುತ್ತಿತ್ತು. ಇವರು ಮೊದಲೇ ಅದನ್ನು ತಿಳಿದುಕೊಳ್ಳುತ್ತಿರಲಿಲ್ಲ. ತಿಳಿದಿದ್ದರೆ ಕಣ್ಣು ತನಗೆ ಬೇಕಾದ್ದನ್ನು ಕಂಡುಬಿಡುತ್ತದೆ ಎನ್ನುತ್ತಿದ್ದ ತಮ್ಮ. ಇನ್ನೊಂದು ನಿಯಮ, ನೋಡುವವನನ್ನು ನಡುವೆ ಏನೂ ಕೇಳಬಾರದು. ಜಗತ್ತಿನಲ್ಲಿ ಗಂಟೆಯಕ್ಕ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದುದು ಆ ಕೆಲವು ನಿಮಿಷ ಮಾತ್ರ.

ಇದರಲ್ಲಿ ಒಂದು ಅನ್ಯಾಯವಿತ್ತು. ಸ್ಪರ್ಶ ಬರೆದಾದ ಮೇಲೆ ನಡುಗ್ರಹಣದ ಹೊತ್ತು, ಅದಾದ ಮೇಲೆ ಬಿಡುವ ಹೊತ್ತು. ಹೀಗೆ ಅವಳ ಕಣ್ಣು ಗಡಿಯಾರ ಬಿಟ್ಟು ಏಳುತ್ತಲೇ ಇರಲಿಲ್ಲ. ಮೂವತ್ತೊಂದು ವರ್ಷ ಗ್ರಹಣದ ಪಕ್ಕದಲ್ಲೇ ಕೂತು ಅವಳು ಒಂದು ಗ್ರಹಣವನ್ನೂ ನೋಡಿರಲಿಲ್ಲ.

ಈ ಸಲದ್ದು ದೊಡ್ಡ ಗ್ರಹಣ. ಸೂರ್ಯನ ಹತ್ತರಲ್ಲಿ ಒಂಬತ್ತು ಪಾಲು ಮುಚ್ಚುತ್ತದೆಂದು ತಮ್ಮ ಎರಡು ವರ್ಷದಿಂದ ಜಪ ಮಾಡುತ್ತಿದ್ದ. ಆದರೆ ಅದಕ್ಕೆ ಮೂರು ವಾರವಿರುವಾಗ ಅವನ ಎದೆ ಕೈಕೊಟ್ಟಿತು. ಮೊದಲಿನಿಂದಲೂ ದುರ್ಬಲವಾಗಿದ್ದ ಶ್ವಾಸಕೋಶ, ಈ ಬಾರಿ ಏಳಲೇ ಇಲ್ಲ. ಇನ್ನೇನಿದ್ದರೂ ದಿನಗಳ ಮಾತು ಎಂದು ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದರು. ಅವಳು ಒಳಗೆ ಬಂದಾಗ ತಮ್ಮ ಮುಖ ನೋಡಿಯೇ ತಿಳಿದುಕೊಂಡಿದ್ದ.

"ಗ್ರಹಣದವರೆಗೆ ಇರ್ತೀನಾ ಅಂತ ಕೇಳಿದ್ಯಾ?" ಅಂದ.

"ಬಾಯಿ ಮುಚ್ಚು," ಅಂದಳು ಅವಳು. 

ಅವನು ಇದ್ದ, ಜೀವ ಹಿಡಿದುಕೊಂಡೇ ಇದ್ದ. ಅವನಿಗೆ ಬೇಕಾಗಿದ್ದುದು ಅದೊಂದೇ, ಇದನ್ನೊಂದು ನೋಡಿಬಿಡುವುದು. ಅವಳಿಗೂ ಅಷ್ಟೇ, ಅದೊಂದು ಅವನಿಗೆ ದಕ್ಕಿದರೆ ಸಾಕು, ಮುಂದಿನದನ್ನು ಹೇಗೋ ತಡೆದುಕೊಂಡೇನು ಎಂದುಕೊಂಡಿದ್ದಳು.

ಗ್ರಹಣದ ದಿನ ಬೆಳಗ್ಗೆ ಎದ್ದರೆ ಆಕಾಶವೆಲ್ಲ ಬೂದಿ ಬಳಿದಂತಿತ್ತು. ಆಸ್ಪತ್ರೆಯಲ್ಲಿ ತಮ್ಮನ ಮಂಚ ಪಶ್ಚಿಮದ ಕಿಟಕಿಯ ಪಕ್ಕಕ್ಕೇ ಇತ್ತು. ಅವಳು ಅಲ್ಲೇ ಕೂರುತ್ತೇನೆಂದು ಹಟ ಹಿಡಿದಳು. ಅವನು ಅದಕ್ಕಿಂತ ದೊಡ್ಡ ಹಟ ಹಿಡಿದ.

"ಇಬ್ರೂ ಒಂದೇ ಕಡೆ ಇದ್ರೆ ಮೋಡಕ್ಕೆ ಸುಲಭ ಆಗತ್ತೆ. ನೀನು ತಾರಸಿಗೆ ಹೋಗು. ಇಲ್ಲಿ ಮುಚ್ಚಿದ್ರೆ ಅಲ್ಲಿ ಕಿಂಡಿ ಬಿಡಬಹುದು. ಈ ಸಲ ನೀನೂ ನೋಡಕ್ಕಾ, ದುರ್ಬೀನಿಗೆ ಕಣ್ಣಿಡು. ಫೋನು ಆನ್ ಮಾಡಿಟ್ಕೊಂಡಿರೋಣ."

"ಬರೆಯೋರು ಯಾರು?"

"ಗಡಿಯಾರ ಕೈಲೇ ಇರತ್ತಲ್ಲ ಮಾರಾಯ್ತಿ. ಒಂದು ಸಲ ತಲೆ ಎತ್ತಿದ್ರೆ ಕುತ್ತಿಗೆ ಉಳುಕೋದಿಲ್ಲ."

ಅವಳು ಮುಖ ಗಂಟಿಕ್ಕಿಕೊಂಡು ಹೋದಳು. ಆಸ್ಪತ್ರೆಯಿಂದ ಮನೆ ನಾಲ್ಕು ಬೀದಿ ಆಚೆ. ಮೂರು ಗಂಟೆಗೆ ದುರ್ಬೀನು ನಿಲ್ಲಿಸಿದಳು, ಫೋನನ್ನು ಸ್ಟೂಲಿನ ಮೇಲಿಟ್ಟಳು. ಆ ಕಡೆ ಅವನ ದಿಂಬಿನ ಮೇಲಿದ್ದ ಫೋನಿನಿಂದ ಆಕ್ಸಿಜನ್ನಿನ ಬುಸ್ ಬುಸ್ ಸದ್ದು ಕೇಳುತ್ತಿತ್ತು. ತಲೆಯ ಮೇಲೆ ಎಲ್ಲೂ ಒಂದು ಬೆರಳಿನಷ್ಟು ಸಹ ಬಿರುಕಿರಲಿಲ್ಲ. ಪಕ್ಕದ ತಾರಸಿಯ ಹೆಂಗಸು ಎಂದಿನಂತೆ ಬಟ್ಟೆ ತೆಗೆಯಲು ಬಂದವಳು ಇವಳ ಮುಖ ನೋಡಿ ಬಟ್ಟೆ ಹಾಗೇ ಬಿಟ್ಟು ಒಳಗೆ ಹೋದಳು.

ಮೂರು ಗಂಟೆ ಹತ್ತು ನಿಮಿಷವಾಯಿತು. ಹನ್ನೊಂದಾಯಿತು. ಎಷ್ಟು ಹೇಳಿದರೇನು, ಅವಳ ಕಣ್ಣು ಮುಳ್ಳಿನ ಮೇಲೇ ಇತ್ತು. ಫೋನಿನಿಂದ ಬುಸ್ ಬುಸ್ ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಉಸಿರಾಡುತ್ತಿದ್ದಾನೋ ಯಂತ್ರವೇ ಆಡುತ್ತಿದೆಯೋ ತಿಳಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳು ನಿಯಮ ಮುರಿದಳು.

"ಮೋಡ ಸರೀತೇನೋ?"

ಬುಸ್ ಎಂಬ ಸದ್ದಿನ ಹಿಂದಿನಿಂದ ಅವನ ದನಿ ಬಂತು. "ಹೂಂ."

ಅವಳ ಕೈ ತಾನಾಗಿಯೇ ಬರೆಯಿತು: ಮೂರು ಗಂಟೆ, ಹನ್ನೊಂದು ನಿಮಿಷ, ಮೂವತ್ತೆಂಟು ಸೆಕೆಂಡು. ಹೂಂ. ಬರೆದ ಮೇಲೆ ಅವಳು ಅತ್ತೇಬಿಟ್ಟಳು.

"ಕಂಡ್ತೇನೋ? ನಿಜವಾಗ್ಲೂ ಕಂಡ್ತೇನೋ? ಇಲ್ಲಿ ಏನೂ ಇಲ್ಲ ಕಣೋ, ಬರೀ ಮೋಡ. ಹೋಗ್ಲಿ ಬಿಡು, ನಿನಗೆ ಕಂಡ್ತಲ್ಲ, ನನಗಷ್ಟು ಸಾಕು. ಅಯ್ಯೋ ನನ್ನಪ್ಪ, ನಿನಗೆ ಕಂಡ್ತಲ್ಲ."

ಆ ಕಡೆಯಿಂದ ನಾಲ್ಕೈದು ಸಲ ಬುಸ್ ಬುಸ್ ಕೇಳಿತು. ಆಮೇಲೆ ಅವನು ನಕ್ಕಂತೆ ಕೇಳಿಸಿತು. "ಹೂಂ ಅಕ್ಕ. ಹೂಂ ಹೂಂ."

"ಹೇಳು ನನಗೆ. ಹೇಗಿದೆ ಹೇಳು."

ಅವನು ಹೇಳಿದ. ನಾಲ್ಕು ಮಾತಿಗೊಮ್ಮೆ ಉಸಿರೆಳೆದುಕೊಂಡು ಹೇಳಿದ. ಅಂಚಿನಲ್ಲಿ ಮೊದಲು ಉಗುರು ತಾಗಿದಷ್ಟು ಕಚ್ಚು. ಆಮೇಲೆ ಯಾರೋ ಕಚ್ಚಿ ಇಟ್ಟ ಬಿಸ್ಕತ್ತಿನ ಹಾಗೆ. ಕಪ್ಪು ಅನ್ನುವುದು ಎಷ್ಟು ನುಣ್ಣಗಿರುತ್ತದೆಂದು ನಿನಗೆ ಗೊತ್ತಿಲ್ಲ ಅಂದ. "ಈಗ ಎರಡು ಹಕ್ಕಿ ದಾಟಿದ್ವು ನೋಡು, ಸೂರ್ಯನ ಮುಂದೇನೇ. ಒಂದರ ಹಿಂದೊಂದು." ಅವಳು ಮೋಡದ ಕೆಳಗೆ ಕೂತು, ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ನೋಡಿದಳು. ಅಷ್ಟು ಚೆನ್ನಾಗಿ ಅವಳು ಯಾವ ಗ್ರಹಣವನ್ನೂ ನೋಡಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋಗಿ ಪುಸ್ತಕವನ್ನು ಅವನ ಮುಂದೆ ಹಿಡಿದಳು. ಅವನು ಆ ಸಾಲನ್ನು ಬಹಳ ಹೊತ್ತು ನೋಡಿದ. ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ಕೈ ನಡುಗತ್ತೆ. ಆಮೇಲೆ ಹಾಕ್ತೀನಿ."

ಬೆಳಗ್ಗೆಯಷ್ಟೇ ಅದೇ ಕೈಯಲ್ಲಿ ಅವನು ಆಸ್ಪತ್ರೆಯ ಕಾಗದವೊಂದಕ್ಕೆ ಸಹಿ ಹಾಕಿದ್ದ. ಅವಳಿಗೆ ಅದು ನೆನಪಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಅವಳು ಫ್ಲಾಸ್ಕಿಗೆ ಬಿಸಿನೀರು ತರಲು ಹೋಗಿದ್ದಾಗ ಅವನು ಹೋಗಿಬಿಟ್ಟ.

ಸಮಾಧಾನ ಹೇಳಲು ಬಂದವರಿಗೆಲ್ಲ ಅವಳೇ ಸಮಾಧಾನ ಹೇಳಿದಳು. "ಅವನು ನೋಡ್ಕೊಂಡೇ ಹೋದ. ಊರಿಗೆಲ್ಲ ಮೋಡ, ಅವನಿಗೊಬ್ಬನಿಗೆ ಕಿಂಡಿ ಬಿಟ್ಟಿತ್ತು." ಹೇಳಿದಾಗಲೆಲ್ಲ ಅವಳಿಗೆ ಒಂದು ತುತ್ತು ಇಳಿಯುತ್ತಿತ್ತು, ಒಂದು ಗಳಿಗೆ ನಿದ್ದೆ ಬರುತ್ತಿತ್ತು. ಹತ್ತು ದಿನ ಕಳೆದ ಮೇಲೆ ಪುಸ್ತಕದ ಆ ಸಾಲನ್ನು ಸಂಘಕ್ಕೆ ಕಳಿಸಿದಳು. ಕಾರ್ಯದರ್ಶಿ ಮಾರನೆಯ ದಿನವೇ ಫೋನು ಮಾಡಿದರು. ಮೆದು ಮಾತಿನ ಮನುಷ್ಯ, ತುಂಬಾ ಹೊತ್ತು ಅದೂ ಇದೂ ಮಾತಾಡಿದರು.

"ಅಕ್ಕಾ, ನಿಮ್ಮ ಗಡಿಯಾರ ಅವತ್ತು ಸರಿಯಿತ್ತಾ?" ಕೊನೆಗೆ ಕೇಳಿದರು.

"ಯಾವತ್ತು ಸರಿಯಿರಲಿಲ್ಲ ಹೇಳಿ," ಅಂದಳು.

"ಹಾಗಲ್ಲ. ಸ್ಪರ್ಶ ಆಗಿದ್ದು ಮೂರು ಹನ್ನೆರಡು ಇಪ್ಪತ್ತಕ್ಕೆ. ನೀವು ಬರೆದಿರೋದು ಅದಕ್ಕೆ ನಲವತ್ತೆರಡು ಸೆಕೆಂಡು ಮುಂಚೆ. ತಡವಾಗಿ ಕಾಣೋದುಂಟು. ಮೋಡಪ್ಪನವರು ಯಾವಾಗಲೂ ನಾಲ್ಕೈದು ಸೆಕೆಂಡು ತಡ. ಮುಂಚೆ ಕಾಣೋಕೆ ಸಾಧ್ಯವೇ ಇಲ್ಲ ಅಕ್ಕಾ. ಚಂದ್ರ ಇನ್ನೂ ಮುಟ್ಟೇ ಇರಲಿಲ್ಲ." ಆಮೇಲೆ ಅವರೇ ಒಂದು ದಾರಿಯನ್ನೂ ತೋರಿಸಿದರು. "ಗಡಿಯಾರ ಹಿಂದಿತ್ತು ಅಂತ ಬರ್ಕೊಂಡ್ಬಿಡ್ಲಾ? ಅವರ ಎಂದಿನ ತಡವನ್ನೂ ಸೇರಿಸಿ ನಲವತ್ತೇಳು ಸೆಕೆಂಡು ಹಿಂದಿತ್ತು ಅಂದ್ರೆ ಎಲ್ಲಾ ಸರಿಹೋಗತ್ತೆ."

ನಾಳೆ ಹೇಳುತ್ತೇನೆಂದು ಅವಳು ಫೋನಿಟ್ಟಳು. ಗ್ರಹಣದ ದಿನ ಬೆಳಗ್ಗೆಯೂ ಅವಳು ರೇಡಿಯೋಕ್ಕೆ ಗಡಿಯಾರ ಹೊಂದಿಸಿದ್ದಳು. ಅದರಲ್ಲಿ ಅನುಮಾನವೇ ಇಲ್ಲ. ಆದರೂ ಜೀವನದಲ್ಲಿ ಮೊದಲ ಸಲ, ಗಡಿಯಾರ ಕೆಟ್ಟಿರಲಿ ದೇವರೇ ಎಂದುಕೊಂಡಳು.

ಆಸ್ಪತ್ರೆಗೆ ಹೋದಳು. ಬಿಟ್ಟುಬಂದ ಫ್ಲಾಸ್ಕನ್ನು ನರ್ಸ್ ಬೀರುವಿನಲ್ಲಿ ತೆಗೆದಿಟ್ಟಿದ್ದಳು. ಅದನ್ನು ಕೈಗೆ ತೆಗೆದುಕೊಳ್ಳುತ್ತ ಅಕ್ಕ, ಅವತ್ತು ಕಿಟಕಿಯಲ್ಲಿ ಸೂರ್ಯ ಕಾಣಿಸಿದನೇ ಎಂದು ಕೇಳಿದಳು.

"ಎಲ್ಲಿ ಕಂಡ ಅಕ್ಕಾ. ನಾನು ಪರದೆ ಪೂರ್ತಿ ಸರಿಸಿ ಅಲ್ಲೇ ನಿಂತಿದ್ದೆ. ಕತ್ತಲಾಗೋವರೆಗೂ ಮೋಡವೇ. ನೀವು ಫೋನಲ್ಲಿ ಏನೋ ಕೇಳಿದ್ರಿ, ಅವ್ರು ಉಹೂಂ ಅಂದ್ರು. ತಲೆನೂ ಆಡಿಸಿದ್ರು, ಪಾಪ. ಆಮೇಲೆ ನೀವು ಅಳೋದು ಕೇಳಿಸ್ತು. ಅವ್ರು ನನ್ನ ಮುಖ ನೋಡಿದ್ರು, ಬಾಯಿ ಮೇಲೆ ಬೆರಳಿಟ್ರು. ಆಮೇಲೆ ಹೂಂ ಅಂದ್ರು." ನರ್ಸ್ ಬೀರುವಿನ ಬಾಗಿಲು ಮುಚ್ಚುತ್ತ ಹೇಳಿದಳು, "ಕಿಟಕಿ ಕಡೆ ನೋಡಲೇ ಇಲ್ಲ ಅವ್ರು. ಕಣ್ಣು ಮುಚ್ಕೊಂಡು ಅಷ್ಟುದ್ದ ಕತೆ ಹೇಳಿದ್ರು."

ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಪುಸ್ತಕದ ಮೊದಲ ಪುಟ ತೆಗೆದಳು. ಮೂವತ್ತೊಂದು ವರ್ಷದ ಹಿಂದಿನ ಗ್ರಹಣ; ಅಂದು ಮೋಡವಿರಲಿಲ್ಲ. ಕೆಳಗೆ ತಮ್ಮನ ಎಳೆಯ ಅಕ್ಷರದಲ್ಲಿ ಒಂದು ಟಿಪ್ಪಣಿ: 'ಎರಡು ಹಕ್ಕಿ ದಾಟಿದವು. ಅಕ್ಕ ನೋಡಲಿಲ್ಲ.'

ಅವಳು ಅಡುಗೆಕೋಣೆಯ ನೆಲದ ಮೇಲೆ ಕೂತು ದನಿ ತೆಗೆದು ಅತ್ತಳು. ಅವನಿಗೆ ಏನೂ ಸಿಕ್ಕಿರಲಿಲ್ಲ. ಕೊನೆಯದನ್ನೂ ಮೋಡವೇ ತಿಂದಿತ್ತು. ಕಂಡಿಲ್ಲವೆಂದು ಸಂಕಟಪಡುವುದಕ್ಕೂ ಅವಳು ಅವನಿಗೆ ಬಿಡುವು ಕೊಟ್ಟಿರಲಿಲ್ಲ. ಸಾಯುವವನು ಅವಳನ್ನು ಸಂತೈಸುತ್ತ ಕೂರಬೇಕಾಯಿತು. ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಮಾರನೆಯ ದಿನ ಕಾರ್ಯದರ್ಶಿಗೆ ಅವಳೇ ಫೋನು ಮಾಡಿದಳು. "ಗಡಿಯಾರ ಸರಿಯಿತ್ತು. ಮೋಡ ಅಂತ ಬರ್ಕೊಳ್ಳಿ."

"ಯಾರು ಕೇಳ್ತಾರೆ ಅಕ್ಕಾ, ಹಾಗೇ ಇರ್ಲಿ ಬಿಡಿ."

"ಅವನು ಸಹಿ ಹಾಕಿಲ್ಲ," ಅಂದಳು.

ಫೋನಿಟ್ಟು ಪುಸ್ತಕದ ಕೊನೆಯ ಸಾಲು ತೆಗೆದಳು. ಹೊಡೆದು ಹಾಕಲು ಏನೂ ಇರಲಿಲ್ಲ, ಸೇರಿಸಬೇಕಾದದ್ದು ಒಂದೇ ಒಂದು ಅಕ್ಷರ. 'ಹೂಂ' ಎಂಬುದರ ಹಿಂದೆ ಜಾಗ ಕಮ್ಮಿಯಿತ್ತು. ಸೆಕೆಂಡಿನ ಅಂಕೆಗೂ ಅದಕ್ಕೂ ನಡುವೆ ಇಕ್ಕಟ್ಟಿನಲ್ಲಿ ಚಿಕ್ಕದಾಗಿ ಒಂದು 'ಉ' ಬರೆದಳು. ಅಷ್ಟು ಬರೆಯಲು ಅವಳಿಗೆ ಇಡೀ ಮಧ್ಯಾಹ್ನ ಹಿಡಿಯಿತು.

ಆಮೇಲೆ ಪುಸ್ತಕವನ್ನು ತಮ್ಮನ ಖಾಲಿ ಕುರ್ಚಿಯ ಕಡೆಗೆ ತಿರುಗಿಸಿ, ಪೆನ್ನನ್ನು ಅದರ ಮೇಲಿಟ್ಟಳು.

"ಈಗ ಸರಿಯಾಗಿದೆ ಕಣೋ," ಅಂದಳು. "ಸಹಿ ಹಾಕು."