ಬೆಂಚಿನ ಮೇಲಿನ ಅತ್ತೆ

ಶುಭಾಂಗಿ ರಾಜ್ಯ ತಂಡದ ನಾಯಕಿಯಾಗಿದ್ದಾಗ ಅವಳ ಹೊಡೆತಕ್ಕೆ ಎದುರಾಳಿಗಳು ಅಂಜುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟು, ಅಕ್ಕಲಕೋಟೆಯ ಹುಡುಗಿಯರಿಗೆ ವಾಲಿಬಾಲ್ ಕಲಿಸತೊಡಗಿದಳು. ಸೊಲ್ಲಾಪುರದಿಂದ ದಿನಾ ಬಸ್ಸು. ಬಸ್ಸಿಗೂ ಬಿಸಿಲಿಗೂ ಅವಳು ಬೇಸರಪಟ್ಟವಳಲ್ಲ. ಅವಳ ತಲೆ ತಿಂದದ್ದು ಅತ್ತೆ ಸುಮಿತ್ರಾಬಾಯಿ.

ಟವೆಲ್ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಮುದುಕಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ಸೊಸೆಯ ಜೊತೆ ಮೈದಾನಕ್ಕೆ ಬಂದಳು, ಮರುದಿನವೂ ಬಂದಳು. ತಂಡದ ಮ್ಯಾನೇಜರ್ ಆಗಿದ್ದ ಶಿಕ್ಷಕಿಗೆ ವರ್ಗವಾದಾಗ, ಬೇರೆ ಯಾರೂ ಸಿಗದೆ ಶುಭಾಂಗಿಯೇ ಅತ್ತೆಯ ಹೆಸರು ಬರೆದುಕೊಟ್ಟಳು. ಅಂದಿನಿಂದ ಬೆಂಚಿನ ಮೇಲೆ ಇಬ್ಬರು ಕೋಚ್. ಸೊಸೆ ತಡಿ ಅಂದರೆ ಅತ್ತೆ ಹೊಡಿ ಅನ್ನುವಳು. ಶೇಂಗಾ ಉಂಡೆ ತರುವ ಅತ್ತೆಯನ್ನು ಆಯಿ ಎನ್ನುತ್ತ ಹುಡುಗಿಯರು ಅವಳ ಮಾತೇ ಕೇಳುವರು.

ಜಿಲ್ಲಾ ಫೈನಲ್ ಅಕ್ಕಲಕೋಟೆಯಲ್ಲೇ ನಡೆಯಿತು. ಎದುರಿಗೆ ಮಂಗಳವೇಢೆ. ಅತ್ತೆಯ ಕೂಗಾಟಕ್ಕೆ ರೆಫ್ರಿ ಆಗಲೇ ಒಮ್ಮೆ ಹಳದಿ ಕಾರ್ಡು ತೋರಿಸಿದ್ದ. ಕೊನೆಯ ಸೆಟ್ಟು ಹದಿಮೂರು ಸಮ. ಅಕ್ಕಲಕೋಟೆಯ ಹುಡುಗಿ ಸುರಭಿ ಹೊಡೆದ ಚೆಂಡು ಹಿಂದಿನ ಗೆರೆ ತಾಗಿಯೇ ಬಿತ್ತು. ಗೆರೆ ಕಾಯುವವನು ಹೊರಗೆ ಎಂದು ಬಾವುಟ ಎತ್ತಿದ. ಮಂಗಳವೇಢೆಗೆ ಹದಿನಾಲ್ಕಾಯಿತು, ಹದಿನೈದಾದರೆ ಗೆಲುವು. ಸುಮಿತ್ರಾಬಾಯಿ ಸೆರಗು ಸಿಕ್ಕಿಸಿಕೊಂಡು ಸೀದಾ ಅಂಕಣದೊಳಗೆ ನಡೆದು, ಚೆಂಡು ಬಿದ್ದ ಜಾಗದ ಮೇಲೆ ಬೆರಳಿಟ್ಟು ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಕೆಂಪು ಕಾರ್ಡು ಬಂತು. ಅದರ ದಂಡ ಒಂದು ಪಾಯಿಂಟು, ಮಂಗಳವೇಢೆಗೆ ಬೇಕಿದ್ದದ್ದೂ ಅಷ್ಟೇ. ಸರ್ವಿಸ್ ಕೂಡ ಇಲ್ಲದೆ ಪಂದ್ಯ ಮುಗಿಯಿತು.

ವಾಪಸು ಬಸ್ಸು ದಾರಿಯ ಕುಂಭಾರಿ ಊರು ದಾಟುತ್ತಿತ್ತು.

"ಚೆಂಡು ಒಳಗ ಬಿದ್ದಿತ್ತೋ ಇಲ್ಲೋ, ಅಷ್ಟ ಹೇಳು," ಅಂದಳು ಅತ್ತೆ.

"ಒಳಗ ಬಿದ್ದಿತ್ತರಿ. ನಾನೂ ನೋಡೀನಿ."

"ಮತ್ತ ಅಲ್ಲಿ ಸುಮ್ನ ಯಾಕ ಕುಂತಿ?"

"ಒಂದು ಪಾಯಿಂಟ್ ಹೋದ್ರೂ ಆಟ ಇನ್ನಾ ಉಳದಿತ್ತರಿ, ಅತ್ತಿ. ಅದನ್ನ ನೀವು ಮುಗಿಸಿದ್ರಿ."

ಸುಮಿತ್ರಾಬಾಯಿ ಕಿಟಕಿಯತ್ತ ತಿರುಗಿದಳು. ಮರುದಿನ ಮೈದಾನಕ್ಕೆ ಹೊರಡಲಿಲ್ಲ. ಶುಭಾಂಗಿಗೆ ತಲೆಯ ಭಾರ ಇಳಿದಂತಾಯಿತು. ಆದರೆ ಆ ವಾರವೇ ಸುರಭಿಯೂ ಬರುವುದು ಬಿಟ್ಟಳು. ಹುಡುಕಿಕೊಂಡು ಅವಳ ಮನೆಗೆ ಹೋಗಿ, ಸೋತದ್ದಕ್ಕೆ ಬೇಜಾರೇನು ಎಂದು ಕೇಳಿದರೆ ಹುಡುಗಿ ಅಲ್ಲವೆಂದು ತಲೆಯಾಡಿಸಿದಳು.

"ನನ್ನ ಸಲುವಾಗಿ ಯಾರೂ ಹಂಗ ಎದ್ದು ಬಂದಿದ್ದಿಲ್ಲರಿ, ಮ್ಯಾಡಮ್. ನೀವು ಆಯಿನ್ನ ಬಿಡಿಸಿದ್ರಿ."

ಬಿಡಿಸಿಲ್ಲ, ಅವರೇ ಬಿಟ್ಟರು ಎಂದು ಶುಭಾಂಗಿ ಎಷ್ಟು ಹೇಳಿದರೂ ಸುರಭಿ ನಂಬಲಿಲ್ಲ. ದೇಶವೆಲ್ಲ ಆಡಿ ಬಂದವಳು ಕಡೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಯನ್ನು ಕರೆಯಬೇಕಾಯಿತು. ಬರಬೇಕು, ಆದರೆ ಬಾಯಿ ಮುಚ್ಚಿಕೊಂಡಿರಬೇಕು ಅಂದಳು.

"ಬರ್ತೀನಿ," ಅಂದಳು ಸುಮಿತ್ರಾಬಾಯಿ, ಒಗ್ಗರಣೆ ಕೈಯಾಡಿಸುತ್ತ. "ಬಾಯಿ ಮುಚ್ಚೂದು ಆಗೂದಿಲ್ಲ."

ಶುಭಾಂಗಿ ನಿಯಮವನ್ನೆಲ್ಲ ತಿರುವಿ ಹಾಕಿದಳು. ಬೆಂಚಿನ ಮೇಲಿದ್ದವರು ಕೂಗಿದರೆ ತಂಡಕ್ಕೆ ದಂಡ. ಪ್ರೇಕ್ಷಕರು ಕೂಗಿದರೆ ಯಾರಿಗೂ ಏನೂ ಇಲ್ಲ. ಮುಂದಿನ ಪಂದ್ಯಾವಳಿಗೆ ಹೊಸ ಮ್ಯಾನೇಜರನ್ನು ಹಿಡಿದು ತಂದು, ಅತ್ತೆಗೆ ಎದುರು ಬದಿಯ ಜನರ ನಡುವೆ ಕುರ್ಚಿ ಹಾಕಿಸಿದಳು. ಮುದುಕಿ ಗಂಟಲು ಹರಿಯುವಂತೆ ಕೂಗಿದಳು. ರೆಫ್ರಿ ಮತ್ತೆ ಮತ್ತೆ ಶುಭಾಂಗಿಯತ್ತ ನೋಡಿದ. ಅವಳು ಆ ಅಜ್ಜಿ ಯಾರೋ ಎಂಬಂತೆ ಬೂಟಿನ ಲಾಡಿ ಬಿಗಿದುಕೊಂಡಳು.

ಸುರಭಿಯೂ ತಂಡಕ್ಕೆ ಮರಳಿದ್ದಳು, ಆ ಸಲ ಗೆದ್ದರು. ಫೋಟೋದಲ್ಲಿ ಕಪ್ ಹಿಡಿದು ನಡುವೆ ನಿಂತವಳು ಸುಮಿತ್ರಾಬಾಯಿ. ಅವಳ ತುರುಬಿನ ಹಿಂದೆ ಕೋಚಿನ ಒಂದು ಕಿವಿಯಷ್ಟೇ ಕಾಣುತ್ತದೆ.