ನೇಕಾರಗೇರಿಯ ವಯಸ್ಸು

ಮನೆ ಕೆಡವುವ ಯಂತ್ರ ಬರುವ ಮುನ್ನ ಮಾರ್ಗಿಲಾನ್ ಪಟ್ಟಣದ ಜನ ಮರಮುಟ್ಟು ಬಿಚ್ಚಿಕೊಳ್ಳುತ್ತಾರೆ. ಗೋಡೆ ಮಣ್ಣಿನದು, ಮಣ್ಣಿಗೇ ಹೋಗಲಿ. ಬಾಗಿಲು, ಕಂಬ, ತೊಲೆ ಮಾತ್ರ ಹೊಸ ಮನೆಗೆ ಬರಲೇಬೇಕು. ನೇಕಾರಗೇರಿಯ ಅಜ್ಜಿ ಒಯ್ಸಾರಾ ಬುವಿಯ ಮಕ್ಕಳೂ ಆ ಬೆಳಿಗ್ಗೆ ಚಾವಣಿಯ ಮೊದಲ ತೊಲೆಯನ್ನು ಅಂಗಳಕ್ಕೆ ಇಳಿಸಿದ್ದರು. ಅದರ ಮೇಲ್ಮೈಯ ಮಣ್ಣು ಉದುರಿದಾಗ ಕೆಳಗೆ ಅಕ್ಷರಗಳು ಕಂಡವು. ಬುವಿ ತಕ್ಷಣ ಹೇಳಿ ಕಳಿಸಿದ್ದು ಝುಲ್ಖುಮೋರಳಿಗೆ.

ಝುಲ್ಖುಮೋರ್ ಆ ಊರಿನ ಚರಿತ್ರೆ ಬರೆದವಳು. ಹದಿನಾಲ್ಕು ವರ್ಷ ಕೇರಿ ಕೇರಿ ಅಲೆದು ಬರೆದ ಪುಸ್ತಕವೇ ಅವಳಿಗೆ ಡಾಕ್ಟರೇಟ್ ಪದವಿ ತಂದಿತ್ತು, ದಾಖಲೆಮನೆಯ ಹುದ್ದೆ ತಂದಿತ್ತು. ಕೇರಿಯ ಅತಿ ಹಳೆಯದಾದ ಬುವಿಯ ಮನೆಯ ಲೆಕ್ಕ ಹಿಡಿದು, ನೇಕಾರಗೇರಿಗೆ ನೂರಿಪ್ಪತ್ತು ವರ್ಷವಷ್ಟೇ ಎಂದು ಅದೇ ಪುಸ್ತಕ ಹೇಳುತ್ತಿತ್ತು. ಇನ್ನೂರು ದಾಟಿದ ಕೇರಿಯಾಗಿದ್ದರೆ ನಗರ ಸಮಿತಿ ಮುಟ್ಟುತ್ತಿರಲಿಲ್ಲ. ಅವಳ ಆ ಒಂದು ಸಾಲನ್ನು ಆಧಾರವಾಗಿಟ್ಟುಕೊಂಡೇ ನಲವತ್ತು ಮನೆ ಬೀಳಿಸುವ ಆದೇಶ ಸಿದ್ಧವಾಗಿತ್ತು. ಮೂರು ಗಂಟೆಗೆ ಸಹಿ. ಈಗ ಹನ್ನೊಂದು.

ಅವಳು ಮೊಣಕಾಲೂರಿ ತೊಲೆಯ ಮೇಲೆ ಬೆರಳಾಡಿಸಿದಳು. ಬಡಗಿಯ ಹೆಸರು, ಅದರ ಕೆಳಗೆ ಹಿಜರಿ ಸಾವಿರದ ನೂರ ಎಂಬತ್ತಮೂರು. ಎರಡೂವರೆ ಶತಮಾನ. ಅವಳು ತಲೆಯೆತ್ತಿ ಪಡಸಾಲೆಯ ಕಂಬದತ್ತ ನೋಡಿದಳು.

"ಕಂಬದ ಮೇಲೆ ಸಾವಿರದ ಮುನ್ನೂರ ಇಪ್ಪತ್ತಮೂರು ಅಂತಿತ್ತಲ್ಲ ಬುವಿ?"

"ಭೂಕಂಪದಲ್ಲಿ ಹಳೇ ಕಂಬ ಸೀಳಿಹೋಯ್ತು, ನಮ್ಮ ಮಾವನ ಅಪ್ಪ ಹೊಸದು ನಿಲ್ಲಿಸಿದ್ರು. ಪಡಸಾಲೆ ಕಂಬ ಬಿಸಿಲು ಮಳೆ ತಿನ್ನುತ್ತೆ, ಬದಲಾಯಿಸ್ತಾನೇ ಇರ್ತೀವಿ. ತೊಲೆನ ಯಾರು ಬದಲಾಯಿಸ್ತಾರೆ ಮಗಳೇ?" ಮುದುಕಿ ಅವಳ ಭುಜಕ್ಕೆ ಮೆಲ್ಲಗೆ ತಟ್ಟಿದಳು. "ನನ್ನ ಮಾವ ಇದೇ ಕೋಣೇಲಿ ಹುಟ್ಟಿದವರು. ನಿನ್ನ ಪುಸ್ತಕದ ಲೆಕ್ಕದಲ್ಲಿ ಆಗ ಮನೇನೇ ಇರಲಿಲ್ಲ. ಪಾಪ, ಬಯಲಲ್ಲಿ ಹುಟ್ಟಿದ್ರೇನೋ. ಆವತ್ತು ನೀನು ಚಹಾ ಕುಡಿದೆ, ಕಂಬದ ಫೋಟೋ ತೆಗೆದೆ, ಹೋದೆ. ಪಕ್ಕದಲ್ಲೇ ನಿಂತಿದ್ದೆ ನಾನು."

ಝುಲ್ಖುಮೋರ್ ಏಣಿ ಹತ್ತಿ ನೋಡಿದಳು. ಉಳಿದ ಎಂಟು ತೊಲೆಗಳ ತುದಿಯಲ್ಲಿ ಬಡಗಿ ಉಳಿಯಿಂದ ಗೀರು ಹಾಕಿದ್ದ. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಗೋಡೆಯೊಳಗೆ ಹುದುಗಿದ ಅಡ್ಡಪಟ್ಟಿಯ ಮೇಲೂ ಅದೇ ಗೀರು, ಅದೇ ಎಣಿಕೆ. ಈ ತೊಲೆಗಳನ್ನು ಈ ಗೋಡೆಗೆಂದೇ ಅಳೆದು ಕೂರಿಸಲಾಗಿತ್ತು. ಎಲ್ಲವನ್ನೂ ಚಿತ್ರ ತೆಗೆದುಕೊಂಡು ಓಡಿದಳು.

ಸಮಿತಿಯಲ್ಲಿ ತಜ್ಞರ ಪೀಠದಲ್ಲಿದ್ದವರು ಅವಳ ಗುರು ನಿಜೋಮಿದ್ದೀನ್ ದೋಮ್ಲಾ. ಬೇರೆ ದಿನಗಳಲ್ಲಿ ಅವರು ಅವಳ ಬಟ್ಟಲಿಗೆ ಎರಡು ಗುಟುಕಷ್ಟೇ ಚಹಾ ಬಗ್ಗಿಸುತ್ತಿದ್ದರು. ಮತ್ತೆ ಮತ್ತೆ ಬಗ್ಗಿಸುವ ನೆಪದಲ್ಲಿ ಕೂರಿಸಿಕೊಳ್ಳುವುದು ಅಲ್ಲಿಯ ಪ್ರೀತಿ. ಇವತ್ತು ಅವಳ ಮಾತು ಮುಗಿಯುವಷ್ಟರಲ್ಲಿ ಬಟ್ಟಲನ್ನು ಅಂಚಿನವರೆಗೂ ತುಂಬಿ ಮುಂದೆ ನೂಕಿದರು. ಕುಡಿದು ಎದ್ದು ಹೋಗು ಎಂದರ್ಥ.

ಅವಳು ಬಟ್ಟಲನ್ನು ಮುಟ್ಟಲಿಲ್ಲ.

ದೋಮ್ಲಾ ದನಿ ತಗ್ಗಿಸಿದರು. ಆ ಸಾಲು ಬಿದ್ದರೆ ಆ ಅಧ್ಯಾಯ ಬೀಳುತ್ತದೆ, ಅಧ್ಯಾಯ ಬಿದ್ದರೆ ಪದವಿಯನ್ನು ಮರುಪರಿಶೀಲನೆಗೆ ಕರೆಯುತ್ತಾರೆ ಎಂದರು. ಆ ಪದವಿಗೆ ತಮ್ಮ ಸಹಿಯೂ ಇದೆ ಎಂದು ಬಿಡಿಸಿ ಹೇಳಲಿಲ್ಲ, ಅವಳಿಗೆ ಗೊತ್ತೇ ಇತ್ತು. ಆಮೇಲೆ ದಾರಿಯನ್ನೂ ಅವರೇ ತೋರಿಸಿದರು.

"ಮರ ಊರೂರು ತಿರುಗುತ್ತೆ. ಬೇರೆ ಕಡೆಯಿಂದ ತಂದ ಹಳೇ ತೊಲೆ ಅನ್ನು. ಯಾರೂ ಕೇಳಲ್ಲ."

ನಿಜಕ್ಕೂ ಯಾರೂ ಕೇಳುತ್ತಿರಲಿಲ್ಲ. ಗೀರುಗಳ ಎಣಿಕೆ ನೋಡಿದ ಓದುಬರಹದವಳು ಅವಳೊಬ್ಬಳೇ, ಸಂಜೆಯ ಹೊತ್ತಿಗೆ ಆ ಗೋಡೆ ಪುಡಿಯಾಗಿರುತ್ತಿತ್ತು.

ಮೂರಕ್ಕೆ ಐದು ನಿಮಿಷವಿರುವಾಗ ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ತಜ್ಞರು ಹೇಳುವುದೇನಾದರೂ ಇದೆಯೇ ಎಂದು ಪದ್ಧತಿಗಾಗಿ ಕೇಳಿದರು. ದೋಮ್ಲಾ ತಲೆಯಾಡಿಸಿ ಇಲ್ಲವೆಂದರು. ಹಿಂದಿನ ಸಾಲಿನಿಂದ ಝುಲ್ಖುಮೋರ್ ಎದ್ದು ನಿಂತಳು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಚಿತ್ರಗಳನ್ನು ಮೇಜಿನ ಮೇಲಿಟ್ಟು ಒಂದೊಂದೇ ಗೀರನ್ನು ತೋರಿಸಿದಳು.

ಅಧ್ಯಕ್ಷರಿಗೆ ಸಿಟ್ಟು ಬಂತು. "ಈಗ ನಾನು ಯಾವುದನ್ನ ನಂಬಲಿ ಝುಲ್ಖುಮೋರ್ ಓಪಾ? ನಿಮ್ಮ ಪುಸ್ತಕಾನಾ, ಈ ತೊಲೆನಾ?"

"ತೊಲೆನ ನಂಬಿ. ಪುಸ್ತಕ ತಪ್ಪು. ಕಂಬ ನೋಡಿ ಮನೆಯ ವಯಸ್ಸು ಬರೆದುಬಿಟ್ಟೆ, ಮನೆಯವರನ್ನ ಕೇಳಲಿಲ್ಲ."

"ನಿಮ್ಮ ಗುರುಗಳು ಇದನ್ನ ನೋಡಿರಲಿಲ್ವಾ?"

ದೋಮ್ಲಾರ ಬೆರಳುಗಳು ಮೇಜಿನ ಅಂಚಿನಲ್ಲಿ ಬಿಗಿದುಕೊಂಡವು.

"ಆ ಅಂಗಳಕ್ಕೆ ಹೋಗಿದ್ದು ನಾನೊಬ್ಬಳೇ," ಎಂದಳು.

ಬರೆದುಕೊಡಿ ಎಂದರು ಅಧ್ಯಕ್ಷರು. ಅವಳು ಬರೆದಳು, ಏಳು ಸಾಲು, ಕೊನೆಗೆ ತನ್ನ ಹೆಸರೊಂದೇ. ಅಧ್ಯಕ್ಷರು ಆದೇಶವನ್ನು ಸಹಿಯಿಲ್ಲದೆ ಕಡತದೊಳಗೆ ತಳ್ಳಿ, ಕೇರಿಯ ಬಾಯಲ್ಲಿ ನಿಂತಿದ್ದ ಯಂತ್ರವನ್ನು ಹಿಂದಕ್ಕೆ ಕಳಿಸಲು ಫೋನು ಮಾಡಿದರು.

ಜನ ಎದ್ದು ಹೋದ ಮೇಲೆ ದೋಮ್ಲಾ ಅವಳ ಬಳಿಗೆ ಬಂದರು. ಮುಖ ನೋಡಲಿಲ್ಲ, ಅಂಗೈ ಮಾತ್ರ ಚಾಚಿದರು. ವಿಚಾರಣೆ ಮುಗಿಯುವವರೆಗೆ ದಾಖಲೆಮನೆಯ ಬೀಗದಕೈ ಅವಳ ಬಳಿ ಇರಬಾರದಂತೆ. ಅವಳು ಗೊಂಚಲಿನಿಂದ ಅದನ್ನು ಬಿಡಿಸಲು ಹೋದಳು, ಉಗುರು ಸೀಳಿತು, ಉಂಗುರ ಬಿಗಿಯಾಗಿತ್ತು. ಗುರುಗಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ ಕಾದರು. ಕೊನೆಗೂ ಅದು ಬಿಚ್ಚಿಕೊಂಡಿತು.